ಫ್ರಾಂಕ್‌ಫರ್ಟಿನಿಂದ ಲಿಸ್ಬನ್ನಿಗೆ: ವಿಮಾನದ ದೂರ ಮತ್ತು ಹೊತ್ತನ್ನು ನೀವೇ ಲೆಕ್ಕ ಹಾಕುವ ಬಗೆ

ಜರ್ಮನಿಯ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಪೋರ್ಚುಗಲ್ಲಿನ ಲಿಸ್ಬನ್ ವಿಮಾನ ನಿಲ್ದಾಣಕ್ಕೆ ನೇರ ದೂರ 1,874 ಕಿಲೋಮೀಟರ್. ಹೋಗುವಾಗ ಸುಮಾರು 3 ಗಂಟೆ 5 ನಿಮಿಷ ಹಿಡಿಯುತ್ತದೆ, ವಾಪಸು ಬರುವಾಗ ಹತ್ತು ಹದಿನೈದು ನಿಮಿಷ ಕಡಿಮೆ. ಇಷ್ಟು ತಿಳಿದರೆ ಸಾಕು ಅನ್ನುವವರೂ ಟಿಕೆಟ್ ಕೈಗೆ ಬಂದಾಗ ಗೊಂದಲಕ್ಕೆ ಬೀಳುತ್ತಾರೆ. ಅದರಲ್ಲಿ ಹೊರಡುವುದು 12:40, ತಲುಪುವುದು 14:45 ಎಂದಿರುತ್ತದೆ. ಕಳೆದು ನೋಡಿದರೆ ಎರಡೇ ಗಂಟೆ ಐದು ನಿಮಿಷ. ದೂರ ಹೇಳುವ ಜಾಲತಾಣವೊಂದು 1,165 ಅನ್ನುತ್ತದೆ, ಇನ್ನೊಂದು 1,012 ಅನ್ನುತ್ತದೆ, ರಸ್ತೆಯ ನಕ್ಷೆ 2,300ರ ಹತ್ತಿರ ತೋರಿಸುತ್ತದೆ.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ನಿಮಗೆ ಬೇಕಾದ್ದು ಯಾವುದು ಎಂದು ಗೊತ್ತಿದ್ದರೆ ಯುರೋಪಿನ ಯಾವ ಎರಡು ನಿಲ್ದಾಣಗಳ ನಡುವಿನ ಲೆಕ್ಕವನ್ನೂ ಕಾಗದ, ಕ್ಯಾಲ್ಕುಲೇಟರ್ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸಬಹುದು. ಇಲ್ಲಿ ಫ್ರಾಂಕ್‌ಫರ್ಟ್–ಲಿಸ್ಬನ್ ಜೋಡಿಯನ್ನೇ ಹಿಡಿದು ಮಾಡೋಣ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಇರುವುದರಿಂದ ಪೋರ್ಚುಗಲ್ಲಿಗೆ ಹೋಗುವ ನಮ್ಮವರಿಗೆ ಇದು ಪರಿಚಿತ ದಾರಿ.

ಮೊದಲು ನಿಲ್ದಾಣ ಯಾವುದೆಂದು ಖಚಿತ ಮಾಡಿಕೊಳ್ಳಿ

ಊರಿನ ಹೆಸರು ನಂಬಬೇಡಿ, ಮೂರಕ್ಷರದ ಸಂಕೇತ ನೋಡಿ. ಫ್ರಾಂಕ್‌ಫರ್ಟಿನ ದೊಡ್ಡ ನಿಲ್ದಾಣ ಎಫ್‌ಆರ್‌ಎ. 'ಫ್ರಾಂಕ್‌ಫರ್ಟ್ ಹಾನ್' ಎಂಬ ಹೆಸರಿನಲ್ಲಿ ಅಗ್ಗದ ಟಿಕೆಟ್ ಕಂಡರೆ ಅದರ ಸಂಕೇತ ಎಚ್‌ಎಚ್‌ಎನ್ ಎಂದಿರುತ್ತದೆ. ಅದು ಊರಿನಿಂದ ಪಶ್ಚಿಮಕ್ಕೆ 100 ಕಿಲೋಮೀಟರಿಗೂ ಆಚೆ, ಗುಡ್ಡಗಾಡಿನಲ್ಲಿ ಇರುವ ಹಳೆಯ ವಾಯುನೆಲೆ. ಬಸ್ಸಿನಲ್ಲಿ ಅಲ್ಲಿಗೆ ಮುಟ್ಟಲು ಎರಡು ಗಂಟೆಯ ಹತ್ತಿರ ಬೇಕು. ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದರಿಂದ ಮುಂದಿನ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಿಸಿಕೊಂಡರೆ ದೂರದ ಲೆಕ್ಕ, ಹೊತ್ತಿನ ಲೆಕ್ಕ ಎರಡೂ ನೆಲಕಚ್ಚುತ್ತವೆ. ಲಿಸ್ಬನ್ನಿನಲ್ಲಿ ಈ ಕಷ್ಟ ಇಲ್ಲ. ಅಲ್ಲಿ ಪ್ರಯಾಣಿಕರ ನಿಲ್ದಾಣ ಒಂದೇ, ಸಂಕೇತ ಎಲ್‌ಐಎಸ್.

ಎರಡನೆಯದು, ದೂರ

ನಿಲ್ದಾಣದ ಅಕ್ಷಾಂಶ, ರೇಖಾಂಶ ಬೇಕು. ಫ್ರಾಂಕ್‌ಫರ್ಟಿನದು ಉತ್ತರ 50°02′00″, ಪೂರ್ವ 8°34′14″. ಲಿಸ್ಬನ್ನಿನದು ಉತ್ತರ 38°46′27″, ಪಶ್ಚಿಮ 9°08′03″. ಇವನ್ನು ದಶಮಾಂಶಕ್ಕೆ ತನ್ನಿ: ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. ಆಗ ಸಿಗುವುದು ಫ್ರಾಂಕ್‌ಫರ್ಟಿಗೆ 50.0333 ಮತ್ತು 8.5706, ಲಿಸ್ಬನ್ನಿಗೆ 38.7742 ಮತ್ತು −9.1342. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಕಡ್ಡಾಯ.

ಇನ್ನು ಲೆಕ್ಕ. ಎರಡೂ ಅಕ್ಷಾಂಶಗಳ ಸೈನ್ ಬೆಲೆ ತೆಗೆದು ಗುಣಿಸಿ: 0.766418 × 0.626253 = 0.479972. ಎರಡೂ ಅಕ್ಷಾಂಶಗಳ ಕೊಸೈನ್ ಬೆಲೆ ತೆಗೆದು ಗುಣಿಸಿ: 0.642343 × 0.779620 = 0.500783. ರೇಖಾಂಶಗಳ ಅಂತರ 8.5706 − (−9.1342), ಅಂದರೆ 17.7048 ಡಿಗ್ರಿ. ಇದರ ಕೊಸೈನ್ 0.952636. ಇದನ್ನು 0.500783ರಿಂದ ಗುಣಿಸಿದರೆ 0.477064. ಈ ಕೊನೆಯ ಸಂಖ್ಯೆಯನ್ನು ಮೊದಲನೆಯ ಗುಣಲಬ್ಧಕ್ಕೆ ಕೂಡಿಸಿದರೆ 0.957036. ಯಾವ ಕೋನದ ಕೊಸೈನ್ ಇದು ಎಂದು ಕ್ಯಾಲ್ಕುಲೇಟರನ್ನು ಕೇಳಿ. ರೇಡಿಯನ್ನಿನಲ್ಲಿ (ಡಿಗ್ರಿಯಂತೆಯೇ ಕೋನ ಅಳೆಯುವ ಇನ್ನೊಂದು ಮಾನ) 0.2942 ಬರುತ್ತದೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿಲೋಮೀಟರಿನಿಂದ ಗುಣಿಸಿದರೆ 1,874.

ದಾರಿಯಲ್ಲಿ ಅಂಕೆಗಳನ್ನು ಕತ್ತರಿಸಬೇಡಿ. ದಶಮಾಂಶದ ನಂತರ ಆರು ಸ್ಥಾನ ಉಳಿಸಿಕೊಳ್ಳಿ. ಆದರೆ ತಪ್ಪುಗಳು ಹೆಚ್ಚಾಗಿ ಆಗುವುದು ಬೇರೆ ಮೂರು ಕಡೆ.

ಒಂದು, ಋಣ ಚಿಹ್ನೆ ಮರೆಯುವುದು. ಲಿಸ್ಬನ್ನಿನ ರೇಖಾಂಶವನ್ನು +9.1342 ಎಂದು ಹಾಕಿದರೆ ಉತ್ತರ ಸುಮಾರು 1,253 ಕಿಲೋಮೀಟರ್ ಬರುತ್ತದೆ. ಅದು ಇಟಲಿಯ ಸಾರ್ಡೀನಿಯ ದ್ವೀಪದ ದಕ್ಷಿಣಕ್ಕೆ ಸಮುದ್ರದ ಮಧ್ಯೆ ಇರುವ ಒಂದು ಜಾಗ. ಸಂಖ್ಯೆ ನೋಡಲು ಸಹಜವಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇದೇ ಎಲ್ಲಕ್ಕಿಂತ ಅಪಾಯದ ತಪ್ಪು. ಎರಡು, 38°46′ ಅನ್ನು 38.46 ಎಂದು ಬರೆದುಬಿಡುವುದು. ಅಕ್ಷಾಂಶದ ಒಂದು ಡಿಗ್ರಿ ಅಂದರೆ 111 ಕಿಲೋಮೀಟರ್. ಈ ಒಂದು ಎಡವಟ್ಟಿನಿಂದಲೇ ನಿಲ್ದಾಣ ದಕ್ಷಿಣಕ್ಕೆ 35 ಕಿಲೋಮೀಟರ್ ಜರುಗುತ್ತದೆ. ಮೂರು, ಎಕ್ಸೆಲ್‌ನಂಥ ಹಾಳೆಗಳು ಕೋನವನ್ನು ರೇಡಿಯನ್ನಿನಲ್ಲೇ ಕೇಳುತ್ತವೆ. ಡಿಗ್ರಿಯನ್ನು ರೇಡಿಯನ್ನಿಗೆ ಬದಲಿಸುವ ಫಂಕ್ಷನ್ ಬಳಸದೆ ನೇರ ಡಿಗ್ರಿ ಕೊಟ್ಟರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ ಡಿಗ್ರಿ ಇಟ್ಟುಕೊಂಡೇ ಕೊನೆಯವರೆಗೂ ಹೋದರೆ 16.857 ಡಿಗ್ರಿ ಸಿಗುತ್ತದೆ. ಅದನ್ನು 111.195ರಿಂದ ಗುಣಿಸಿ, ಮತ್ತದೇ 1,874.

ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ಇನ್ನೂ ಸೂಕ್ಷ್ಮ ಸೂತ್ರ ಬಳಸುವ ತಾಣಗಳಲ್ಲಿ ಕೆಲವೇ ಕಿಲೋಮೀಟರ್ ವ್ಯತ್ಯಾಸ ಕಾಣಬಹುದು. ಪ್ರಯಾಣದ ಲೆಕ್ಕಕ್ಕೆ ಅದು ಬಾಧಕವಲ್ಲ. ಲೆಕ್ಕ ಬೇಡ ಅನ್ನುವವರು ಗ್ರೇಟ್ ಸರ್ಕಲ್ ಮ್ಯಾಪರ್ ತಾಣದಲ್ಲಿ ಎರಡು ಸಂಕೇತ ಹಾಕಿ ನೋಡಬಹುದು. ಆದರೂ ಒಮ್ಮೆಯಾದರೂ ಕೈಯಲ್ಲಿ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಪರಿಹಾರದ ಹಣ ಕೇಳುವ ಹೊತ್ತಿಗೆ ಇದೇ ಸಂಖ್ಯೆ ಬೇಕಾಗುತ್ತದೆ.

ಈಗ ಮೈಲಿಯ ಗೊಂದಲ. 1,874 ಕಿಲೋಮೀಟರನ್ನು 1.609ರಿಂದ ಭಾಗಿಸಿದರೆ 1,165 ನೆಲದ ಮೈಲಿ. 1.852ರಿಂದ ಭಾಗಿಸಿದರೆ 1,012 ನಾಟಿಕಲ್ ಮೈಲಿ. ಪೈಲಟ್‌ಗಳೂ ವಾಯುಸಂಚಾರ ನಿಯಂತ್ರಕರೂ ಬಳಸುವುದು ನಾಟಿಕಲ್ ಮೈಲಿ. ತಾಣದಲ್ಲಿ ಬರೇ 'ಮೈಲಿ' ಎಂದಿದ್ದರೆ ಯಾವುದೆಂದು ನೋಡಿಯೇ ಮುಂದುವರಿಯಿರಿ.

ವಿಮಾನ ನಿಜವಾಗಿ ಹಾರುವ ದಾರಿ

ಆ 1,874 ಕಿಲೋಮೀಟರ್ ಗೋಳದ ಮೇಲೆ ದಾರ ಬಿಗಿದಂಥ ದೂರ. ಅದರ ಸರಿ ನಡುಮಧ್ಯ ಬೀಳುವುದು ಫ್ರಾನ್ಸಿನ ಬೋರ್ಡೊ ನಗರದ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಂಡೆಯ ಆರ್ಕಶಾನ್ ಕೊಲ್ಲಿಯ ಉತ್ತರ ತುದಿಯಲ್ಲಿ. ಅಲ್ಲಿಂದ ಗೆರೆ ಬಿಸ್ಕೆ ಕೊಲ್ಲಿಯ ಮೂಲೆಯನ್ನು ಹಾಯ್ದು, ಬಿಲ್ಬಾವ್ ಆಸುಪಾಸಿನಲ್ಲಿ ಸ್ಪೇನ್ ಸೇರಿ, ಪ್ರಸ್ಥಭೂಮಿಯನ್ನು ದಾಟಿ ಲಿಸ್ಬನ್ನಿಗೆ ಇಳಿಯುತ್ತದೆ. ಹಗಲು ಹೊತ್ತಾದರೆ ಹೋಗುವಾಗ ಎಡಗಡೆಯ ಕಿಟಕಿಯಿಂದ ಫ್ರಾನ್ಸಿನ ಆ ಕರಾವಳಿ ಕಾಣುವ ಸಾಧ್ಯತೆ ಇದೆ.

ವಿಮಾನ ಈ ಗೆರೆಯ ಮೇಲೆಯೇ ಹೋಗುವುದಿಲ್ಲ. ಗಾಳಿ ಯಾವ ಕಡೆಯಿದೆಯೋ ಅದಕ್ಕೆ ತಕ್ಕ ರನ್‌ವೇ ದಿಕ್ಕಿನಲ್ಲಿ ಏರಬೇಕು, ನಿಗದಿತ ನಿರ್ಗಮನ ಪಥದಲ್ಲಿ ಸುತ್ತಬೇಕು, ಇಳಿಯುವಾಗ ಸರದಿಯಲ್ಲಿ ಸೇರಿಕೊಳ್ಳಬೇಕು, ನಡುವೆ ಸೇನೆಯ ವಾಯುಪ್ರದೇಶ ಬಂದರೆ ಬಳಸಿ ಹೋಗಬೇಕು. ಈ ದಾರಿಗೆ ಶೇಕಡಾ 4 ಸೇರಿಸಿಕೊಂಡರೆ ಲೆಕ್ಕ ವಾಸ್ತವಕ್ಕೆ ಹತ್ತಿರ ಬರುತ್ತದೆ: ಸುಮಾರು 1,950 ಕಿಲೋಮೀಟರ್. ಹಾದಿ ಚಿಕ್ಕದಾದಷ್ಟೂ ಈ ಪಾಲು ದೊಡ್ಡದಾಗುತ್ತದೆ, ಏಕೆಂದರೆ ಏರುವ, ಇಳಿಯುವ ಸುತ್ತು ಎಲ್ಲ ಹಾರಾಟಕ್ಕೂ ಹೆಚ್ಚುಕಡಿಮೆ ಅಷ್ಟೇ.

ಮೂರನೆಯದು, ಹೊತ್ತು

ಇಲ್ಲಿ ಮೂರು ಬಗೆಯ ಹೊತ್ತುಗಳಿವೆ. ಚಕ್ರ ನೆಲ ಬಿಟ್ಟಲ್ಲಿಂದ ಮತ್ತೆ ನೆಲ ಮುಟ್ಟುವವರೆಗೆ ಹಾರಾಟದ ಹೊತ್ತು. ಗೇಟಿನಿಂದ ವಿಮಾನ ಕದಲಿದಲ್ಲಿಂದ ಇನ್ನೊಂದು ಗೇಟಿಗೆ ನಿಲ್ಲುವವರೆಗೆ ಬ್ಲಾಕ್ ಟೈಮ್. ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗೆ ಒಟ್ಟು ಪ್ರಯಾಣ. ಟಿಕೆಟ್ಟಿನಲ್ಲಿ ಇರುವುದು ಬ್ಲಾಕ್ ಟೈಮ್ ಮಾತ್ರ.

ಏರ್‌ಬಸ್ ಎ320 ಕುಟುಂಬದ ವಿಮಾನ 36,000 ಅಡಿ ಎತ್ತರದಲ್ಲಿ ಮ್ಯಾಕ್ 0.78ರಲ್ಲಿ, ಅಂದರೆ ಶಬ್ದದ ವೇಗದ 0.78 ಪಾಲಿನಲ್ಲಿ, ಹಾರುತ್ತದೆ ಎಂದಿಟ್ಟುಕೊಳ್ಳಿ. ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 830 ಕಿಲೋಮೀಟರ್. ಯುರೋಪಿನ ಮೇಲೆ ಆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಲಿಸ್ಬನ್ನಿಗೆ ಹೋಗುವಾಗ ಅದು ಎದುರುಗಾಳಿ. ಗಂಟೆಗೆ 55 ಕಿಲೋಮೀಟರ್ ಎದುರುಗಾಳಿ ಹಿಡಿದರೆ ನೆಲದ ಲೆಕ್ಕದಲ್ಲಿ ವೇಗ 775. 1,950ನ್ನು 775ರಿಂದ ಭಾಗಿಸಿ, 2 ಗಂಟೆ 31 ನಿಮಿಷ. ಏರುವಾಗ ಇಳಿಯುವಾಗ ವೇಗ ಕಡಿಮೆ ಇರುವುದಕ್ಕೆ 12 ನಿಮಿಷ ಸೇರಿಸಿ, 2 ಗಂಟೆ 43 ನಿಮಿಷ. ಫ್ರಾಂಕ್‌ಫರ್ಟಿನಲ್ಲಿ ಗೇಟಿನಿಂದ ರನ್‌ವೇಗೆ 15 ನಿಮಿಷ, ಲಿಸ್ಬನ್ನಿನಲ್ಲಿ ಇಳಿದ ಮೇಲೆ 7 ನಿಮಿಷ. ಮೊತ್ತ 3 ಗಂಟೆ 5 ನಿಮಿಷ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗೆ ಬರುತ್ತದೆ. ವೇಗ 885, ಹೊತ್ತು 2 ಗಂಟೆ 12 ನಿಮಿಷ, ಏರಿಳಿತಕ್ಕೆ 12 ಸೇರಿಸಿ 2 ಗಂಟೆ 24 ನಿಮಿಷ. ಗಾಳಿ ಸುಮ್ಮನೆ ಹತ್ತೊಂಬತ್ತು ನಿಮಿಷ ಉಳಿಸಿಕೊಟ್ಟಿತು.

ಹಾಗಿದ್ದೂ ವೇಳಾಪಟ್ಟಿಯಲ್ಲಿ ಆ ಪೂರಾ ಹತ್ತೊಂಬತ್ತು ನಿಮಿಷ ಕಾಣುವುದಿಲ್ಲ. ಕಾರಣ ಫ್ರಾಂಕ್‌ಫರ್ಟಿನ ನೆಲದ ಮೇಲಿದೆ. ಅಲ್ಲಿ ನಾಲ್ಕು ರನ್‌ವೇಗಳಿವೆ. 2011ರಲ್ಲಿ ತೆರೆದ ವಾಯವ್ಯದ ರನ್‌ವೇ ಇಳಿಯುವುದಕ್ಕೆ ಮಾತ್ರ. ಅದು ಟರ್ಮಿನಲ್ಲಿನಿಂದ ದೂರ. ಇಳಿದ ವಿಮಾನ ಹೆದ್ದಾರಿ ಮತ್ತು ರೈಲು ಹಳಿಗಳ ಮೇಲಿನ ಸೇತುವೆ ದಾಟಿ ಬರಬೇಕು. 'ಇಳಿದಾಯಿತಲ್ಲ' ಎಂದು ಬೆಲ್ಟ್ ಬಿಚ್ಚುವ ಮೊದಲು ಹದಿನೈದು ನಿಮಿಷ ಹೀಗೆ ಹೋದರೂ ಆಶ್ಚರ್ಯವಿಲ್ಲ. ಇದಕ್ಕೆ ಜೊತೆಯಾಗಿ ವಿಮಾನ ಸಂಸ್ಥೆಗಳು ತಡವಾಗದಿರಲೆಂದು ವೇಳಾಪಟ್ಟಿಯಲ್ಲೇ ಕೆಲವು ನಿಮಿಷ ಮೀಸಲು ಇಟ್ಟಿರುತ್ತವೆ. ವಿಮಾನ 'ಹೊತ್ತಿಗೆ ಮುಂಚೆ' ತಲುಪುವ ಗುಟ್ಟು ಅದೇ.

ಇಷ್ಟೆಲ್ಲ ಬೇಡ, ಕೂತಲ್ಲೇ ಅಂದಾಜು ಬೇಕೆಂದರೆ ನೇರ ದೂರವನ್ನು 800ರಿಂದ ಭಾಗಿಸಿ 40 ನಿಮಿಷ ಸೇರಿಸಿ. 1,874ಕ್ಕೆ 2 ಗಂಟೆ 20 ನಿಮಿಷ, ಜೊತೆಗೆ 40, ಒಟ್ಟು 3 ಗಂಟೆ. ಯುರೋಪಿನೊಳಗಿನ ಜೆಟ್ ಹಾರಾಟಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಪಶ್ಚಿಮಕ್ಕೆ ಹೋಗುವುದಾದರೆ ಐದು ನಿಮಿಷ ಜಾಸ್ತಿ ಹಿಡಿಯಿರಿ. ಪ್ರೊಪೆಲರ್ ವಿಮಾನಕ್ಕೆ ಇದು ಹೊಂದುವುದಿಲ್ಲ, ಅವುಗಳ ವೇಗ ಬಹಳ ಕಡಿಮೆ.

ನಿಜವಾದ ಅನುಭವ ಏನು ಎಂದು ನೋಡಲು ಫ್ಲೈಟ್‌ರಾಡಾರ್24 ತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಹಿಂದಿನ ಏಳು ದಿನದ ಪಟ್ಟಿ ತೆರೆಯಿರಿ. ಹಾರಾಟದ ಹೊತ್ತು ಮತ್ತು ನಿಜವಾಗಿ ತಲುಪಿದ ಹೊತ್ತು ಎರಡೂ ಅಲ್ಲಿ ಸಿಗುತ್ತವೆ. ಏಳರಲ್ಲಿ ನಾಲ್ಕು ದಿನ ತಡವಾಗಿದ್ದರೆ ಅದರ ಬೆನ್ನಿಗೇ ಇನ್ನೊಂದು ವಿಮಾನ ಹಿಡಿಯುವ ಯೋಜನೆ ಬಿಡಿ.

ಗಡಿಯಾರದ ಲೆಕ್ಕ

ಟಿಕೆಟ್ಟಿನಲ್ಲಿ ಪ್ರತಿ ಊರಿಗೂ ಆ ಊರಿನದೇ ಗಡಿಯಾರ. ಪೋರ್ಚುಗಲ್ ಜರ್ಮನಿಗಿಂತ ಒಂದು ಗಂಟೆ ಹಿಂದೆ. ಚಳಿಗಾಲದಲ್ಲಿ ಲಿಸ್ಬನ್ ಜಾಗತಿಕ ಸಮಯದಲ್ಲೇ (ಯುಟಿಸಿ) ಇರುತ್ತದೆ, ಫ್ರಾಂಕ್‌ಫರ್ಟ್ ಒಂದು ಗಂಟೆ ಮುಂದೆ. ಮಾರ್ಚ್ ಕೊನೆಯ ಭಾನುವಾರ ಎರಡೂ ಒಂದೇ ಕ್ಷಣದಲ್ಲಿ ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಬರುತ್ತವೆ. ಹಾಗಾಗಿ ಅಂತರ ವರ್ಷವಿಡೀ ಒಂದೇ ಗಂಟೆ. ಮೊದಲು ಹೇಳಿದ ಟಿಕೆಟ್ಟನ್ನು ಬೇಸಿಗೆಯದೆಂದು ಹಿಡಿದು ಬಿಡಿಸೋಣ. ಫ್ರಾಂಕ್‌ಫರ್ಟಿನ 12:40 ಜಾಗತಿಕ ಸಮಯದಲ್ಲಿ 10:40. ಲಿಸ್ಬನ್ನಿನ 14:45 ಅಂದರೆ 13:45. ಕಳೆದರೆ 3 ಗಂಟೆ 5 ನಿಮಿಷ. ವಾಪಸಿನ ಟಿಕೆಟ್ಟಿನಲ್ಲಿ ತಿರುಗಾಮುರುಗಾ: 06:00ಕ್ಕೆ ಹೊರಟು 09:55ಕ್ಕೆ ತಲುಪುವುದು ನಾಲ್ಕು ಗಂಟೆಯ ಪ್ರಯಾಣದಂತೆ ಕಂಡರೂ 2 ಗಂಟೆ 55 ನಿಮಿಷದ್ದು.

ಸ್ಪೇನ್ ಪೋರ್ಚುಗಲ್ಲಿನ ಪಕ್ಕದಲ್ಲೇ ಇದ್ದರೂ 1940ರಿಂದ ಮಧ್ಯ ಯುರೋಪಿನ ಸಮಯವನ್ನೇ ಪಾಲಿಸುತ್ತಿದೆ. ಆದ್ದರಿಂದ ಮ್ಯಾಡ್ರಿಡ್‌ನಿಂದ ಲಿಸ್ಬನ್ನಿಗೆ ಹೋಗುವ ವಿಮಾನ ಟಿಕೆಟ್ಟಿನ ಮೇಲೆ ಇಪ್ಪತ್ತೇ ನಿಮಿಷದಲ್ಲಿ ತಲುಪಿದಂತೆ ಕಾಣುತ್ತದೆ.

ಭಾರತದ ಜೊತೆಗಿನ ಅಂತರ ಮಾತ್ರ ಬದಲಾಗುತ್ತದೆ, ನಮ್ಮ ಗಡಿಯಾರ ಅಲ್ಲಾಡುವುದಿಲ್ಲವಲ್ಲ. ಲಿಸ್ಬನ್ ಚಳಿಗಾಲದಲ್ಲಿ ನಮಗಿಂತ ಐದೂವರೆ ಗಂಟೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಊರಿನಲ್ಲಿ ಕಾಯುವವರಿಗೆ 'ಇಷ್ಟು ಹೊತ್ತಿಗೆ ಇಳಿದೆ' ಎಂದು ತಿಳಿಸುವಾಗ ಭಾರತದ ಸಮಯಕ್ಕೆ ಬದಲಿಸಿಯೇ ಹೇಳಿ.

ಎಲ್ಲಿ ತಡವಾಗುತ್ತದೆ

ಯುರೋಪಿನ ಆಕಾಶದ ದಟ್ಟಣೆಯನ್ನು ಬ್ರಸೆಲ್ಸ್‌ನಲ್ಲಿರುವ ಯೂರೋಕಂಟ್ರೋಲ್ ಎಂಬ ವಾಯುಸಂಚಾರ ಸಂಸ್ಥೆ ಹಂಚಿಕೊಡುತ್ತದೆ. ಎಲ್ಲೋ ಒಂದು ವಲಯ ತುಂಬಿದ್ದರೆ ನಿಮ್ಮ ವಿಮಾನಕ್ಕೆ ಏರುವ ನಿಗದಿತ ಹೊತ್ತು, ಅಂದರೆ ಸ್ಲಾಟ್, ಕೊಡುತ್ತಾರೆ. ಆ ಹೊತ್ತಿಗೆ 5 ನಿಮಿಷ ಮುಂಚೆಯಿಂದ 10 ನಿಮಿಷ ನಂತರದವರೆಗೆ ಏರಬಹುದು. ತಪ್ಪಿದರೆ ಹೊಸ ಸ್ಲಾಟ್‌ಗೆ ಕಾಯಬೇಕು. ಬಾಗಿಲು ಹಾಕಿಕೊಂಡು ವಿಮಾನ ಸುಮ್ಮನೆ ನಿಂತಿದ್ದರೆ ಹೆಚ್ಚಾಗಿ ಕಾರಣ ಇದೇ. ಫ್ರಾನ್ಸಿನ ವಾಯುಸಂಚಾರ ನಿಯಂತ್ರಕರು ಮುಷ್ಕರ ಹೂಡಿದರೆ ಫ್ರಾನ್ಸಿಗೆ ಕಾಲಿಡದ ಈ ಹಾರಾಟಕ್ಕೂ ಪೆಟ್ಟು ಬೀಳುತ್ತದೆ, ದಾರಿಯ ದೊಡ್ಡ ಪಾಲು ಫ್ರಾನ್ಸಿನ ಮೇಲೆಯೇ ಇದೆ.

ಲಿಸ್ಬನ್ನಿನಲ್ಲಿ ಬಳಕೆಯಲ್ಲಿರುವುದು ಒಂದೇ ರನ್‌ವೇ. ಬೆಳಗಿನ ದಟ್ಟಣೆಯಲ್ಲಿ ಇಳಿಯುವ ಸರದಿಗಾಗಿ ಆಕಾಶದಲ್ಲಿ ಸುತ್ತುವುದು ಮಾಮೂಲು. ಫ್ರಾಂಕ್‌ಫರ್ಟಿನಲ್ಲಿ ಚಳಿಗಾಲದ ಬೆಳಿಗ್ಗೆ ರೆಕ್ಕೆಯ ಮೇಲಿನ ಹಿಮ ಕರಗಿಸಲು 10ರಿಂದ 20 ನಿಮಿಷ ಬೇಕು.

ಇವೆಲ್ಲಕ್ಕಿಂತ ಜನ ಮರೆಯುವುದು ಫ್ರಾಂಕ್‌ಫರ್ಟಿನ ರಾತ್ರಿ ನಿಷೇಧ. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ವೇಳಾಪಟ್ಟಿಯ ಹಾರಾಟಕ್ಕೆ ಅವಕಾಶವಿಲ್ಲ. ಲಿಸ್ಬನ್ನಿನಿಂದ ದಿನದ ಕೊನೆಯ ವಿಮಾನ ಹೊರಡುವುದೇ ಬಹಳ ತಡವಾದರೆ ಅದು ರದ್ದಾಗಬಹುದು, ಇಲ್ಲವೇ ಬೇರೆ ನಿಲ್ದಾಣಕ್ಕೆ ತಿರುಗಬಹುದು. ಮರುದಿನ ಬೆಳಿಗ್ಗೆ ಫ್ರಾಂಕ್‌ಫರ್ಟಿನಲ್ಲಿ ಮುಖ್ಯ ಕೆಲಸವಿದ್ದರೆ ಕೊನೆಯ ವಿಮಾನ ಬೇಡ, ಅದಕ್ಕೆ ಹಿಂದಿನದು ಹಿಡಿಯಿರಿ.

ದೂರದ ಸಂಖ್ಯೆ ಹಣವಾಗುವುದು ಇಲ್ಲಿ

ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮದಂತೆ, ಸಂಸ್ಥೆಯ ತಪ್ಪಿನಿಂದ 3 ಗಂಟೆ ಅಥವಾ ಹೆಚ್ಚು ತಡವಾಗಿ ತಲುಪಿದರೆ ಪರಿಹಾರ ಸಿಗುತ್ತದೆ. 1,500 ಕಿಲೋಮೀಟರ್‌ವರೆಗೆ 250 ಯೂರೋ, ಅದಕ್ಕಿಂತ ದೂರದ ಒಕ್ಕೂಟದೊಳಗಿನ ಹಾರಾಟಕ್ಕೆ 400 ಯೂರೋ. ದೂರ ಅಳೆಯುವುದು ನಾವು ಮೊದಲು ಕಂಡುಹಿಡಿದ ನೇರ ದೂರದಲ್ಲೇ, ವಿಮಾನ ಸುತ್ತಿ ಬಂದ ದಾರಿಯಲ್ಲಲ್ಲ. ಫ್ರಾಂಕ್‌ಫರ್ಟಿನಿಂದ ಮ್ಯಾಡ್ರಿಡ್ 1,422 ಕಿಲೋಮೀಟರ್, ಆದ್ದರಿಂದ 250. ಲಿಸ್ಬನ್ 1,874, ಆದ್ದರಿಂದ 400. ಋಣ ಚಿಹ್ನೆ ಮರೆತು 1,253 ಎಂದುಕೊಂಡವರು ತಮಗೆ ಬರಬೇಕಾದ 150 ಯೂರೋವನ್ನು ಕೇಳದೆ ಬಿಟ್ಟಂತಾಗುತ್ತದೆ.

ತಲುಪಿದ ಹೊತ್ತು ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ವಿಮಾನದ ಒಂದು ಬಾಗಿಲಾದರೂ ತೆರೆದ ಕ್ಷಣ. 2014ರಲ್ಲಿ ಒಕ್ಕೂಟದ ನ್ಯಾಯಾಲಯ ಹೀಗೆ ತೀರ್ಪು ಕೊಟ್ಟಿದೆ. 2 ಗಂಟೆ 55 ನಿಮಿಷ ತಡವಾಗಿ ಇಳಿದ ವಿಮಾನ ಗೇಟಿಗೆ ಬಂದು ಬಾಗಿಲು ತೆರೆಯುವಷ್ಟರಲ್ಲಿ ಮೂರು ಗಂಟೆ ದಾಟಬಹುದು. ಬಾಗಿಲು ತೆರೆದ ಹೊತ್ತನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಇಟ್ಟುಕೊಳ್ಳಿ. ಒಂದೇ ಬುಕಿಂಗ್‌ನಲ್ಲಿ ಬೆಂಗಳೂರಿನಿಂದ ಯುರೋಪಿನ ಸಂಸ್ಥೆಯ ವಿಮಾನದಲ್ಲಿ ಹೊರಟಿದ್ದರೆ ಅಳೆಯುವುದು ಬೆಂಗಳೂರಿನಿಂದ ಲಿಸ್ಬನ್ನಿಗೆ ಇರುವ ನೇರ ದೂರ. ಅದು 3,500 ಕಿಲೋಮೀಟರಿಗೂ ಮೇಲಾದ್ದರಿಂದ ಮೊತ್ತ 600 ಯೂರೋವರೆಗೆ ಹೋಗುತ್ತದೆ. ವಾಯುಸಂಚಾರ ನಿಯಂತ್ರಕರ ಮುಷ್ಕರ, ಬಿರುಗಾಳಿ ಇಂಥವಕ್ಕೆ ಪರಿಹಾರದ ಹಣ ಇಲ್ಲ. ಆದರೆ ಊಟ, ರಾತ್ರಿ ತಂಗಬೇಕಾದರೆ ಹೋಟೆಲ್, ಇವನ್ನು ಕೊಡಲೇಬೇಕು. ಕೇಳಿ ಪಡೆಯಿರಿ.

ಬೆಂಗಳೂರಿನಿಂದ ಬಂದು ಫ್ರಾಂಕ್‌ಫರ್ಟಿನಲ್ಲಿ ಬದಲಿಸುವವರಿಗೆ

ಷೆಂಗೆನ್ ಗಡಿ, ಅಂದರೆ ಒಳಗೆ ಪಾಸ್‌ಪೋರ್ಟ್ ತಪಾಸಣೆಯಿಲ್ಲದ ಯುರೋಪಿನ ದೇಶಗಳ ಗುಂಪಿನ ಗಡಿ, ದಾಟುವುದು ಲಿಸ್ಬನ್ನಿನಲ್ಲಲ್ಲ, ಫ್ರಾಂಕ್‌ಫರ್ಟಿನಲ್ಲೇ. ಪಾಸ್‌ಪೋರ್ಟ್ ತಪಾಸಣೆ, ಮತ್ತೊಮ್ಮೆ ಭದ್ರತಾ ತಪಾಸಣೆ ಎರಡೂ ಅಲ್ಲಾಗುತ್ತವೆ. ಫ್ರಾಂಕ್‌ಫರ್ಟಿನ ಕನಿಷ್ಠ ಸಂಪರ್ಕ ಸಮಯ 45 ನಿಮಿಷ ಎಂದು ಬುಕಿಂಗ್ ವ್ಯವಸ್ಥೆ ಒಪ್ಪಿಕೊಳ್ಳುತ್ತದೆ. ನೀವು ಒಪ್ಪಿಕೊಳ್ಳಬೇಡಿ. 2025ರ ಅಕ್ಟೋಬರ್ 12ರಿಂದ ಒಕ್ಕೂಟದ ಹೊರಗಿನವರ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ಪ್ರವೇಶ ವ್ಯವಸ್ಥೆ ಶುರುವಾಗಿದೆ, ಮೊದಲ ಸಲ ಹೋಗುವವರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದೇ ಬುಕಿಂಗ್ ಆದರೆ ಎರಡೂವರೆ ಗಂಟೆ, ಬೇರೆ ಬೇರೆ ಟಿಕೆಟ್ ಆದರೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೇರೆ ಟಿಕೆಟ್ಟಿನಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ದುಡ್ಡು ಹೋದಂತೆಯೇ. ವೀಸಾ ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಪೋರ್ಚುಗಲ್ ಕೊಟ್ಟ ವೀಸಾದಲ್ಲಿ ಫ್ರಾಂಕ್‌ಫರ್ಟ್ ಮೂಲಕ ಒಳಬರುವುದಕ್ಕೆ ಅಡ್ಡಿಯಿಲ್ಲ.

ಬಾಗಿಲಿನಿಂದ ಬಾಗಿಲಿಗೆ

ಫ್ರಾಂಕ್‌ಫರ್ಟ್ ಮುಖ್ಯ ರೈಲು ನಿಲ್ದಾಣದಿಂದ ಎಸ್8 ಅಥವಾ ಎಸ್9 ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಹನ್ನೆರಡು ನಿಮಿಷದ ಆಸುಪಾಸು. ಕಾಯುವುದೂ ಸೇರಿ 20 ಹಿಡಿಯಿರಿ. ನಿಲ್ದಾಣದಲ್ಲಿ 120 ನಿಮಿಷ, ವಿಮಾನದಲ್ಲಿ 185, ಲಿಸ್ಬನ್ನಿನಲ್ಲಿ ಇಳಿದು ಸಾಮಾನು ಪಡೆಯಲು 40. ಅಲ್ಲಿಂದ ಮೆಟ್ರೋದ ಕೆಂಪು ಮಾರ್ಗ ಹಿಡಿದು ಅಲಮೇಡಾದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಹಳೆಯ ಪೇಟೆಯ ಬೈಶಾ ಭಾಗಕ್ಕೆ 35. ಒಟ್ಟು 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ. ಲಿಸ್ಬನ್ನಿನಿಂದ ಅಗ್ಗದ ವಿಮಾನ ಸಂಸ್ಥೆಯಲ್ಲಿ ವಾಪಸಾಗುವವರು ಟರ್ಮಿನಲ್ ನೋಡಿಕೊಳ್ಳಿ. ಬರುವವರೆಲ್ಲ ಟರ್ಮಿನಲ್ 1ರಲ್ಲೇ ಇಳಿಯುತ್ತಾರೆ, ಆದರೆ ಅಗ್ಗದ ಸಂಸ್ಥೆಗಳ ಹಲವು ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ. ಮೆಟ್ರೋ ನಿಲ್ಲುವುದು ಟರ್ಮಿನಲ್ 1ರಲ್ಲಿ, ಅಲ್ಲಿಂದ ಎರಡನೆಯದಕ್ಕೆ ಉಚಿತ ಬಸ್ಸಿದೆ. ಅದಕ್ಕೆ ಇನ್ನೂ 20 ನಿಮಿಷ ಸೇರಿಸಿ.